ಚಲನವಲನ ವಹಿಯಲ್ಲಿ ಒಂದು ಸಹಿ

ಹನ್ನೊಂದಕ್ಕೆ ಸರಿಯಾಗಿ ಟಪಾಲು ಗುಮಾಸ್ತನ ಕೈಯಿಂದ ಸೀಲು ಜಾರಿ ಬಿತ್ತು. ಇಪ್ಪತ್ತೆರಡು ವರ್ಷ ಲಕೋಟೆಗಳ ಮೇಲೆ ಧಡ್ ಧಡ್ ಎಂದು ಬಡಿದ ಬಲಗೈ, ಹಿಂಡದೆ ನೇತುಹಾಕಿದ ಟವೆಲ್ಲಿನಂತೆ ಜೋತುಬಿದ್ದಿತ್ತು. ಏನೋ ಹೇಳಲು ಹೋದ. ಬಾಯಿ ಒಂದು ಕಡೆಗೆ ಓಡಿತು, ಮಾತು ಇನ್ನೊಂದು ಕಡೆಗೆ.

"ಏನಯ್ಯಾ, ಬೆಳಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ಯಾ?" ಎಂದ ಲೆಕ್ಕದ ಗುಮಾಸ್ತ.

"ಗ್ಯಾಸು ಕಣ್ರೀ, ಗ್ಯಾಸು. ಸೋಡಾ ಕುಡಿಸಿ," ಎಂದಳು ಟೈಪಿಸ್ಟು. ಕುಡಿಸಿದರು. ಅರ್ಧ ಸೋಡಾ ಬಾಯಿಯ ಮೂಲೆಯಿಂದ ಅಂಗಿಗಿಳಿಯಿತು, ಇನ್ನರ್ಧಕ್ಕೆ ಉಸಿರೇ ಸಿಕ್ಕಿಕೊಂಡಿತು.

ಕಸ ಗುಡಿಸುವ ಅಕ್ಕ ಪೊರಕೆ ಬಿಸಾಕಿ ಓಡಿಬಂದಳು. "ನಿಮ್ಮ ತಲೆಗಿಷ್ಟು! ಏನೂ ಕುಡಿಸ್ಬೇಡಿ. ಇದು ಲಕ್ವ. ನಮ್ಮ ಯಜಮಾನ್ರಿಗೂ ಹೀಗೇ ಬಾಯಿ ಸೊಟ್ಟಗಾಯ್ತು, ಕೈ ಬಿದ್ದುಹೋಯ್ತು, ಮಾತು ತೊದಲ್ತು. ಮಲಗಿದ್ರೆ ಸರಿಹೋಗತ್ತೆ ಅಂತ ಮಲಗಿಸಿದ್ವಿ. ಇವತ್ತಿಗೂ ಮಲಗೇ ಇದ್ದಾರೆ. ನಾಲ್ಕೂವರೆ ಗಂಟೆ ಒಳಗೆ ತಂದಿದ್ರೆ ಇಂಜೆಕ್ಷನ್ ಕೊಡ್ಬಹುದಿತ್ತು, ಎಷ್ಟು ಬೇಗ ಬಂದ್ರೆ ಅಷ್ಟು ಒಳ್ಳೇದಿತ್ತು ಅಂದ್ರು ಡಾಕ್ಟ್ರು. ಎತ್ರಪ್ಪಾ ಇವ್ರನ್ನ!"

ಹೆಡ್ ಗುಮಾಸ್ತ ಕನ್ನಡಕ ಏರಿಸಿಕೊಂಡು ದಪ್ಪ ಪುಸ್ತಕ ತೆರೆದ. "ಹೋಗ್ಲಿ, ಬೇಡ ಅಂದೋರ್ಯಾರು? ಕಚೇರಿ ಬಿಟ್ಟು ಹೋಗೋರು ಚಲನವಲನ ವಹಿಯಲ್ಲಿ ಒಂದು ಸಹಿ ಹಾಕ್ಬೇಕು, ಅಷ್ಟೇ."

ಟಪಾಲು ಗುಮಾಸ್ತ ಎಡಗೈಯಲ್ಲಿ ಗೀಚಿದ. ಜಿರಲೆ ಮಸಿಯಲ್ಲಿ ಬಿದ್ದೆದ್ದು ನಡೆದಂತಿತ್ತು.

"ಇದು ನಿನ್ನ ಸಹಿಗೆ ತಾಳೆ ಆಗ್ತಿಲ್ವಲ್ಲಯ್ಯಾ. ಬಲಗೈಯಲ್ಲಿ ಹಾಕು."

"ಬಲಗೈ ಏಳೋ ಹಾಗಿದ್ರೆ ಆಸ್ಪತ್ರೆಗ್ಯಾಕ್ರೀ ಹೋಗ್ಬೇಕು!" ಎಂದು ಕಿರುಚಿದ ಅಕ್ಕ, ತಾನೇ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬರುವಾಗ ಹನ್ನೆರಡು. ಗದ್ದಲ ಕೇಳಿ ಸಾಹೇಬರು ಕೋಣೆಯಿಂದ ಹೊರಬಂದರು, ಸ್ಟ್ರೆಚರ್ ಕಂಡರು, ಕಣ್ಣು ತೇಲಿಸಿ ಧೊಪ್ಪನೆ ಕುಸಿದರು. ಅಷ್ಟೇ! ಒಂದು ಗಂಟೆ ಹೊತ್ತಿನಿಂದ ಸೊಂಟದ ಮೇಲಿದ್ದ ಕೈಗಳೆಲ್ಲ ಸಾಹೇಬರನ್ನು ಹೂವಿನಂತೆ ಎತ್ತಿ ಗಾಡಿಗೇರಿಸಿದವು. ಲೆಕ್ಕದವನು ಬೂಟು ಹಿಡಿದ, ಟೈಪಿಸ್ಟು ಗಾಳಿ ಹಾಕಿದಳು. ವಹಿಯ ನೆನಪು ಯಾರಿಗೂ ಬರಲಿಲ್ಲ. "ರೋಗಿ ಅವ್ರಲ್ಲ, ಇವ್ರು!" ಎಂದು ಅಕ್ಕ ಕೂಗುತ್ತಿದ್ದಂತೆಯೇ ಗಾಡಿ ಹೊರಟುಹೋಯಿತು. ಕುರ್ಚಿಯಲ್ಲಿ ಟಪಾಲು ಗುಮಾಸ್ತನ ಅರ್ಧ ಮುಖ ಅಳುತ್ತಿತ್ತು. ಇನ್ನರ್ಧಕ್ಕೆ ಅದೂ ಆಗುತ್ತಿರಲಿಲ್ಲ.

ಅಕ್ಕ ಮತ್ತೆ ಫೋನ್ ಮಾಡಿದಳು. ಆ ಕಡೆಯ ಹೆಣ್ಣುದನಿ ಬಲು ಸಿಹಿಯಾಗಿತ್ತು.

"ಅದೇ ಕಚೇರಿ ತಾನೇ? ಗಾಬರಿ ಆಗ್ಬೇಡಿ ಅಮ್ಮಾ. ನಿಮ್ಮ ಲಕ್ವದ ರೋಗಿ ಆಗ್ಲೇ ಗಾಡಿಯಲ್ಲಿ ಎದ್ದು ಕೂತು ಮಾತಾಡ್ತಿದ್ದಾರಂತೆ. ಹೊತ್ತಿಗೆ ಸರಿಯಾಗಿ ಫೋನ್ ಮಾಡಿದ್ದಕ್ಕೇ ಇಷ್ಟು ಬೇಗ ಗುಣ ಆಯ್ತು ನೋಡಿ! ಇನ್ನು ಒಬ್ಬರಿಗೇ ಎರಡೆರಡು ಸಲ ಗಾಡಿ ಕೇಳ್ಬೇಡಿ, ಆಯ್ತಾ?"