ಕಡಲತೀರದಲ್ಲಿ ಡಚ್ ಮಾತು ಹಾಗೂ ಎರಡನೇ ಕಪ್ಪಿನ ವಿಚಾರ

ಡೌನರ್‌ಹೂಕ್ ಪುರಸಭೆ
ಕಡಲತೀರ ಮತ್ತು ಗಾಳಿಮರೆ ಉಪವಿಭಾಗ

ಸಂಖ್ಯೆ: ಕತೀ/ಭಾಷೆ/ಕಾಫಿ/2
ದಿನಾಂಕ: ಆಗಸ್ಟ್, ಗುರುವಾರ (ಗಾಳಿ ಜೋರು)

ಸುತ್ತೋಲೆ

ವಿಷಯ: ರಜೆಗೆ ಬರುವ ಪರಊರಿನವರು ಆಡಬಹುದಾದ ಉಪಯುಕ್ತ ಡಚ್ ವಾಕ್ಯಗಳು ಮತ್ತು ಅವಕ್ಕೆ ಸಿಬ್ಬಂದಿ ಉತ್ತರಿಸಬೇಕಾದ ಕ್ರಮ.

ಉಲ್ಲೇಖ: 1. ಹೆರಿಂಗ್ ಮೀನನ್ನು ಬಾಲ ಹಿಡಿದು ತಿನ್ನುವಾಗ ಕಡಲಹಕ್ಕಿ ಕಸಿಯದಂತೆ ಆಕಾಶದ ಮೇಲೆ ಕಣ್ಣಿಡುವ ಕುರಿತ ಹಿಂದಿನ ಸುತ್ತೋಲೆ.
2. ಕಡಲತೀರದ ಕಾಫಿ ಮನೆಯ ಒಡತಿ ಶ್ರೀಮತಿ ನೀಲ್ಚೆ ಡೆಕಿಂಗಾ ಅವರು ಈ ಕಚೇರಿಯ ಬಾಗಿಲಲ್ಲಿ ನಿಂತು ಮಂಡಿಸಿದ ಮೌಖಿಕ ದೂರು.

ಪ್ರಸ್ತಾವನೆ:

ಜರ್ಮನಿಯ ಶ್ರೀಮತಿ ಗುಂಡುಲಾ ರೀಷ್ಕೆ ಅವರು ಪತಿ ಎಕಾರ್ಟ್ ಅವರೊಂದಿಗೆ ಪ್ರತಿ ಬೇಸಿಗೆ ಇಲ್ಲಿಗೆ ಬರುತ್ತಿದ್ದರು. ಡಚ್ ಮಾತಾಡುವ ಕೆಲಸ ಪತಿಯದಾಗಿತ್ತು. ಈ ಬೇಸಿಗೆ ಶ್ರೀಮತಿಯವರು ಒಬ್ಬರೇ ಬಂದಿದ್ದು, ಕಾಫಿ ಮನೆಯಲ್ಲಿ ಕುಳಿತು, ಪತಿ ದಿನವೂ ಹೇಳುತ್ತಿದ್ದ, ತಮಗೆ ಬರುವ ಒಂದೇ ಡಚ್ ವಾಕ್ಯವನ್ನು ಹೇಳಿದರು. ಅದರ ಅರ್ಥ: ದಯವಿಟ್ಟು ಎರಡು ಕಾಫಿ.

ಹೊಸದಾಗಿ ಸೇರಿದ ಪರಿಚಾರಕ ಯೊರಿಟ್, ನಮ್ಮವರ ವಾಡಿಕೆಯಂತೆ ಕೂಡಲೇ ಜರ್ಮನ್‌ಗೆ ಹೊರಳಿ ಉತ್ತರಿಸಿರುತ್ತಾರೆ: "ಜರ್ಮನ್‌ನಲ್ಲೇ ಹೇಳಿ ಮೇಡಂ, ನಮಗೆ ಬರುತ್ತೆ. ಒಬ್ಬರೇ ಇದ್ದೀರಲ್ಲ, ಎರಡು ಯಾಕೆ? ರಾತ್ರಿಯೆಲ್ಲ ಎದ್ದಿರೋ ಪ್ಲಾನಾ?"

ಶ್ರೀಮತಿಯವರು ಎದ್ದುಹೋದರು. ಅಂದಿನಿಂದ ಕಡಲಿಗೆ ಅಡ್ಡ ಕಟ್ಟಿದ ಏರಿಯ ಮೇಲಿನ ಬೆಂಚಿನಲ್ಲಿ, ಗಾಳಿಗೆ ಎದುರಾಗಿ, ಫ್ಲಾಸ್ಕ್ ಹಿಡಿದು ಕುಳಿತಿರುವುದು ಕಂಡುಬಂದಿದೆ. ಶನಿವಾರ ಅವರು ಊರಿಗೆ ಮರಳುವರು. ಮುಂದಿನ ವರ್ಷ ಬರುವುದಿಲ್ಲವೆಂದು ತಂಗುಮನೆಯಲ್ಲಿ ತಿಳಿಸಿದ್ದಾರೆ.

ನಂತರ ಕಾಫಿ ಮನೆಯ ಹಿಂಭಾಗದಲ್ಲಿ ಶ್ರೀಮತಿ ನೀಲ್ಚೆ ಅವರು ನಡೆಸಿದ ವಿಚಾರಣೆಯ ಆಯ್ದ ಭಾಗ:

"ಲೋ ಯೊರಿಟ್, ನಿನ್ನ ಬಾಯಿಗೆ ಮರಳು ಬೀಳ! ಅವರ ಯಜಮಾನ್ರು ತೀರಿಕೊಂಡಿದಾರೆ ಕಣೋ."

"ನಂಗೇನು ಗೊತ್ತಕ್ಕ? ಹಣೆ ಮೇಲೆ ಬರ್ಕೊಂಡು ಬಂದಿದ್ರಾ?"

"ಎರಡು ಅಂದ್ರೆ ಎರಡು ತಂದಿಡೋಕೆ ಹಣೆ ಯಾಕೋ ಓದ್ಬೇಕು ನೀನು?"

ಉಳಿದ ಭಾಗ ಕಡತದಲ್ಲಿಡಲು ಯೋಗ್ಯವಲ್ಲ. ಆದ್ದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಪರಊರಿನವರು ಡಚ್‌ನಲ್ಲಿ ಮಾತಾಡಿದರೆ ಡಚ್‌ನಲ್ಲೇ ಉತ್ತರಿಸತಕ್ಕದ್ದು. ಮುಗುಳ್ನಕ್ಕು ಇಂಗ್ಲಿಷಿಗೋ ಜರ್ಮನ್‌ಗೋ ಜಾರುವುದನ್ನು ನಿಷೇಧಿಸಲಾಗಿದೆ. ವಾಕ್ಯ ಮುಗಿಯುವವರೆಗೆ ಕಾಯತಕ್ಕದ್ದು. ಗಡಿಯಾರ ನೋಡುವುದನ್ನು ಕಾಯುವುದೆಂದು ಪರಿಗಣಿಸಲಾಗುವುದಿಲ್ಲ.

2. "ಲೆಕ್ಕರ್ ವೇರ್", ಅಂದರೆ ಒಳ್ಳೇ ಹವೆ: ಗಾಳಿ ತಡೆಯಲು ಮರಳಲ್ಲಿ ನೆಟ್ಟ ಗಾಳಿಮರೆಯ ಬಟ್ಟೆ ಗೂಟಸಮೇತ ಹಾರಿಹೋದಾಗಲೂ ಇದನ್ನು ಹೇಳಬಹುದು. ಸಿಬ್ಬಂದಿ ಮೊದಲು ಹೌದೆನ್ನತಕ್ಕದ್ದು, ಆಮೇಲೆ ಬಟ್ಟೆ ಹುಡುಕತಕ್ಕದ್ದು.

3. "ಪಾಸ್ ಓಪ್", ಅಂದರೆ ಜೋಕೆ: ಮರಳಿನಲ್ಲಿ ಗುಂಡಿ ತೋಡಿದವರು ಇದನ್ನು ಇತರರು ಬೀಳುವ ಮುನ್ನ ಹೇಳತಕ್ಕದ್ದು. ಬಿದ್ದವರು ಹೇಳುವ ಮಾತುಗಳನ್ನು ಕಲಿಸುವ ಅಗತ್ಯ ಕಂಡುಬಂದಿಲ್ಲ.

4. "ಅದು ನನ್ನ ಮೀನು" ಎಂಬುದನ್ನು ಕಡಲಹಕ್ಕಿಗಳಿಗೆ ಯಾವ ಭಾಷೆಯಲ್ಲಾದರೂ ಹೇಳಬಹುದು. ಪರಿಣಾಮಕ್ಕೆ ಪುರಸಭೆ ಹೊಣೆಯಲ್ಲ. ಹಕ್ಕಿ ಇಂಗ್ಲಿಷಿನಲ್ಲಿ ಉತ್ತರಿಸಿದಲ್ಲಿ ಅದಕ್ಕೂ ಒಂದನೇ ಅಂಶ ಅನ್ವಯಿಸುತ್ತದೆ.

5. "ಟ್ವೇ ಕೋಫಿ, ಅಲ್ಸ್ಟೂಬ್ಲೀಫ್ಟ್": ಇದರ ಅರ್ಥ ಎರಡು ಕಾಫಿ. ಸಿಬ್ಬಂದಿ ಜನರನ್ನು ಎಣಿಸತಕ್ಕದ್ದಲ್ಲ. ಇನ್ನೊಬ್ಬರು ಶೌಚಾಲಯಕ್ಕೆ ಹೋಗಿದ್ದಾರೆಯೇ ಎಂದು ಕೇಳತಕ್ಕದ್ದಲ್ಲ. ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡತಕ್ಕದ್ದಲ್ಲ.

(ಅ) ಕಪ್ಪಿಗೆ ಒಂದೇ ಬಿಸ್ಕತ್ತು ಎಂಬ ದೇಶಾಚಾರಕ್ಕೆ ಭಂಗ ತರದೆ, ಎರಡನೇ ಕಪ್ಪಿಗೂ ಅದರ ಬಿಸ್ಕತ್ತನ್ನು ಮಂಜೂರು ಮಾಡಲಾಗಿದೆ. ಅದನ್ನು ಯಾರು ತಿನ್ನುತ್ತಾರೆ ಎಂಬುದು ಈ ಉಪವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

(ಆ) ಎರಡನೇ ಕಪ್ಪನ್ನು ಎದುರಿನ ಕುರ್ಚಿಯ ಮುಂದೆ, ಹಿಡಿಕೆ ಅಲ್ಲಿ ಕೂರುತ್ತಿದ್ದವರ ಎಡಗೈಗೆ ಸಿಗುವಂತೆ ಇಡತಕ್ಕದ್ದು. ಕಾರಣ ಶ್ರೀಮತಿ ನೀಲ್ಚೆ ಅವರಿಗೆ ತಿಳಿದಿದೆ.

(ಇ) ಕಾಫಿ ಆರಿದೆ ಎಂಬುದು ಕಪ್ಪು ತೆಗೆಯಲು ಕಾರಣವಾಗದು. ಕಾಲಮಿತಿ ನಿಗದಿಪಡಿಸುವ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ.

6. "ಈ ಕುರ್ಚಿ ಖಾಲಿಯಿದೆಯೇ?" ಎಂಬ ವಾಕ್ಯವನ್ನು ತೀರದುದ್ದಕ್ಕೂ ಬಳಸಬಹುದು, ಮೇಲೆ ಹೇಳಿದ ಕುರ್ಚಿಯ ಬಳಿ ಬಳಸುವಂತಿಲ್ಲ. ಯಾರಾದರೂ ಕೇಳಿಬಿಟ್ಟರೆ, ಶ್ರೀಮತಿಯವರು ಬಾಯಿ ತೆರೆಯುವ ಮೊದಲೇ ಸಿಬ್ಬಂದಿ "ಇಲ್ಲ" ಎನ್ನತಕ್ಕದ್ದು.

7. ಪರಿಚಾರಕ ಯೊರಿಟ್ ಅವರು ನಾಳೆ ಬೆಳಿಗ್ಗೆ ಗಾಳಿಮರೆಯೊಂದಿಗೆ ಏರಿಯ ಬೆಂಚಿಗೆ ತೆರಳಿ ಡಚ್‌ನಲ್ಲಿ ಕ್ಷಮೆ ಕೇಳತಕ್ಕದ್ದು. ಶ್ರೀಮತಿಯವರು "ಪರವಾಗಿಲ್ಲ" ಎಂದರೆ ತಕ್ಷಣ ನಂಬತಕ್ಕದ್ದಲ್ಲ. ಅವರು ಬರಲು ಒಪ್ಪಿದರೆ ಪಕ್ಕದಲ್ಲಿ ಗಾಳಿಮರೆ ಹಿಡಿದು ನಡೆಯತಕ್ಕದ್ದು. ಒಪ್ಪದಿದ್ದರೆ ಅಲ್ಲಿಗೇ ಟ್ರೇ ಒಯ್ಯತಕ್ಕದ್ದು, ಐದನೇ ಅಂಶದಂತೆ.

8. ಸಾಂತ್ವನದ ವಾಕ್ಯಗಳನ್ನು ಪಟ್ಟಿಯಲ್ಲಿ ಸೇರಿಸಿಲ್ಲ. ಪರಿಶೀಲಿಸಲಾಯಿತು. ಕೆಲಸಕ್ಕೆ ಬರುವಂಥದು ಯಾವ ಭಾಷೆಯಲ್ಲೂ ಸಿಗಲಿಲ್ಲ.

ಸಹಿ/-
ಮುಖ್ಯಸ್ಥರು,
ಕಡಲತೀರ ಮತ್ತು ಗಾಳಿಮರೆ ಉಪವಿಭಾಗ

ಪ್ರತಿಗಳು:
1. ಶ್ರೀಮತಿ ನೀಲ್ಚೆ ಡೆಕಿಂಗಾ, ಇನ್ನು ಕಚೇರಿಯ ಬಾಗಿಲು ಬಿಡಬೇಕೆಂಬ ಕೋರಿಕೆಯೊಂದಿಗೆ.
2. ಪರಿಚಾರಕ ಯೊರಿಟ್, ಬಾಯಿಪಾಠಕ್ಕಾಗಿ.
3. ಕಡಲಹಕ್ಕಿಗಳು, ಸೂಚನಾ ಫಲಕದ ಮೂಲಕ.
4. ಶ್ರೀಮತಿ ಗುಂಡುಲಾ ರೀಷ್ಕೆ, ಏರಿಯ ಬೆಂಚು: ಎರಡು ಪ್ರತಿ.