ಏಳರಿಂದ ಎಂಟರವರೆಗಿನ ಮೌನ

ನನ್ನ ರಕ್ತದೊತ್ತಡಕ್ಕೆ ನನ್ನ ಹೆಂಡತಿಯೇ ಕಾರಣ ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. (ಹೇಳುವಷ್ಟು ಧೈರ್ಯವಿದ್ದಿದ್ದರೆ ಒತ್ತಡವೇ ಬರುತ್ತಿರಲಿಲ್ಲ.) ಆದರೆ ದಾಸರಹಳ್ಳಿಯ ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ, "ನೂರೈವತ್ತು! ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಶರಣು ಅವ್ರೇ. ಹದಿನೈದು ದಿನ ನೋಡೋಣ, ಇಳೀಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋದೇ" ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಪೀಣ್ಯದ ಫ್ಯಾಕ್ಟರಿಯಲ್ಲ, ಶೆಟ್ಟಿಹಳ್ಳಿಯ ನಮ್ಮ ಅಡುಗೆಮನೆ. ರೊಟ್ಟಿ ಬಡಿಯುವ ಸದ್ದು, ಕುಕ್ಕರಿನ ಸೀಟಿ, ಜೊತೆಗೆ ನನ್ನ ದಾನವ್ವನ ಗದಗಿನ ಗಂಟಲು. ಅಲ್ಲಿ ಕೂತರೆ ಋಷಿಗಳಿಗೂ ಬಿಪಿ ಬಂದೀತು.

ಮಾತ್ರೆ ಎಂದರೆ ನನಗೆ ಭಯ. ನಲವತ್ತೇಳಕ್ಕೇ ದಿನಾ ಮಾತ್ರೆ ನುಂಗಲು ಕೂತರೆ ಮುದುಕನಾದ ಹಾಗೆಯೇ ಅಲ್ಲವೇ? ಅದೇ ವಾರ ಫ್ಯಾಕ್ಟರಿಗೆ ಬಂದಿದ್ದ ಯೋಗದ ಮೇಡಂ ದಿನಕ್ಕೊಂದು ಗಂಟೆ ಮನೆಯಲ್ಲಿ ಮೌನ ಪಾಲಿಸಿ ಎಂದು ಉಪದೇಶಿಸಿದರು. ನಾನು ಅದಕ್ಕೆ 'ಶಬ್ದೋಪವಾಸ' ಎಂದು ನಾಮಕರಣ ಮಾಡಿ, ಮನೆಗೆ ಬಂದವನೇ ರಾಜಾಜ್ಞೆ ಹೊರಡಿಸಿದೆ.

"ಯೋಗದ ಮೇಡಮ್ಮ ಹೇಳ್ಯಾರ. ನಾಳಿಯಿಂದ ಸಂಜಿ ಏಳರಿಂದ ಎಂಟರ ತನಕ ಈ ಮನ್ಯಾಗ ಯಾರೂ ಮಾತಾಡಂಗಿಲ್ಲ."

"ಯಾರೂ ಅಂದ್ರ?"

"ನೀನು."

"ನೀವು?"

"ನಾನೂ."

ದಾನವ್ವ ಹಿಟ್ಟಿನ ಉಂಡೆಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಖರೇನ? ನೀವೂ? ಆ ಮೇಡಮ್ಮಗ ದೇವ್ರು ನೂರು ವರ್ಷ ಆಯಸ್ಸು ಕೊಡ್ಲಿ!"

ಆಕೆ ಇಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಗಳು ಸ್ನೇಹಾ ಹಾಸ್ಟೆಲ್ಲಿನಲ್ಲಿರುವುದರಿಂದ ಮನೆಯಲ್ಲಿ ನಾವಿಬ್ಬರೇ. ಏಳಕ್ಕೆ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಆಕೆ ರೊಟ್ಟಿ ಬಡಿಯುವಷ್ಟೂ ಹೊತ್ತು ಸುಪರ್ವೈಸರನ ಕೊಂಕು, ರಿಜೆಕ್ಟ್ ಆದ ಮಾಲು, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕು ಎಲ್ಲವನ್ನೂ ವರದಿ ಮಾಡುವುದು ನನ್ನ ಪದ್ಧತಿ. ಆಕೆ "ಹಂಗಂದ್ನಾ?", "ಅವಂಗ ಬುದ್ಧಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಎಂಟಕ್ಕೆ ಆಕೆಯ ಸೀರಿಯಲ್ಲು. ಅಲ್ಲಿಗೆ ಮುಗಿಯಿತು, ಆಮೇಲೆ ಮನೆಗೆ ಬೆಂಕಿ ಬಿದ್ದರೂ ಜಾಹೀರಾತು ಬರುವ ತನಕ ಕಾಯಬೇಕು.

ಮೊದಲ ದಿನವೇ ಸುಪರ್ವೈಸರ್ ನನ್ನದಲ್ಲದ ತಪ್ಪಿಗೆ ಹತ್ತು ಜನರ ಎದುರು ಬೈದಿದ್ದ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. ದಾನವ್ವ ನಸುನಗುತ್ತಾ ರೊಟ್ಟಿ ಬಡಿದಳು. ಎರಡನೆಯ ದಿನಕ್ಕೆ ಹೊಟ್ಟೆ ಉಬ್ಬರಿಸಿತು.

ಐದನೆಯ ದಿನ ಏಳೂಕಾಲಿಗೆ ಕೆಳಗಿನ ಮನೆಯ ಓನರ್ ಕೃಷ್ಣಯ್ಯನವರು ಮೆಟ್ಟಿಲು ಹತ್ತಿ ಬಂದರು. ಗದಗಿನವರ ಪ್ರೀತಿಯ ಮಾತೂ ಬೆಂಗಳೂರಿನವರ ಕಿವಿಗೆ ಜಗಳದ ಹಾಗೆ ಕೇಳಿಸುತ್ತದೆ. ಆರು ವರ್ಷದಿಂದ "ಸ್ವಲ್ಪ ಮೆತ್ತಗೆ ಮಾತಾಡಿ ಸಾರ್" ಎಂದು ಅಂಗಲಾಚುತ್ತಿದ್ದವರು ಅವರು.

"ಏನ್ ಸಾರ್, ಐದು ದಿನದಿಂದ ಸಂಜೆ ಹೊತ್ತು ಸದ್ದೇ ಇಲ್ಲ? ಏನಾದ್ರೂ ಮನಸ್ತಾಪಾನಾ?"

ನಾನು ಕೈಯಾಡಿಸಿ ಇಲ್ಲ ಎಂದೆ. ದಾನವ್ವ ತುಟಿ ಬಿಚ್ಚದೆ ಕಾಫಿ ತಂದಿಟ್ಟು ಹೋದಳು. ಕೃಷ್ಣಯ್ಯನವರ ಕಣ್ಣು ತುಂಬಿ ಬಂತು.

"ಮಾತು ಬಿಟ್ಬಿಟ್ಟಿದ್ದೀರಾ! ಬೇಡ ಕಣ್ರೀ. ನಾನೇ ಪಾಪಿ, ಮೆತ್ತಗೆ ಮಾತಾಡಿ ಅಂದಿದ್ದು ತಪ್ಪಾಯ್ತು. ಕಿರುಚಾಡಿ ಸಾರ್, ನೀವಿಬ್ರೂ ಚೆನ್ನಾಗಿದ್ರೆ ಅಷ್ಟೇ ಸಾಕು."

ಎಂಟು ಹೊಡೆಯುವ ತನಕ ಅವರು ದಾಂಪತ್ಯ ಧರ್ಮ ಬೋಧಿಸಿದರು. ನಾನು ಕೈಮುಗಿದುಕೊಂಡು ಕೇಳಿದೆ.

ಹದಿನೈದನೆಯ ದಿನ ಸಂಜೆ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತೆವು. ನನ್ನದು ನೂರ ಅರವತ್ತಾಗಿತ್ತು. ಡಾಕ್ಟರಮ್ಮ ತಲೆ ಅಲ್ಲಾಡಿಸಿ, ಪಟ್ಟಿಯನ್ನು ದಾನವ್ವನ ತೋಳಿಗೂ ಸುತ್ತಿದರು.

"ನೂರಿಪ್ಪತ್ತು! ಹೋದ್ಸಲ ನಿಮ್ದೂ ನೂರ ನಲವತ್ತಿತ್ತಲ್ವಾ? ಏನ್ ಮಾಡಿದ್ರಿ?"

"ನಾ ಏನೂ ಮಾಡಿಲ್ರಿ ಬಾಯಾರ. ಇವ್ರು ದಿನಾ ಒಂದು ತಾಸು ಬಾಯಿ ಮುಚ್ಚಿದ್ರು."

"ಹೋದ ಸಲ ಅಂದ್ರ?" ನಾನು ಬೆಚ್ಚಿದೆ. "ನಿನಗೂ ಬಿಪಿ ಇತ್ತಾ? ನನಗ್ಯಾಕ ಹೇಳಲಿಲ್ಲ?"

"ಯಾವಾಗ ಹೇಳ್ಲಿ? ನೀವು ಉಸುರು ತಗೊಳ್ಳೋ ಸಂದ್ಯಾಗ?"

ನನಗೆ ನಿಜವಾಗಿ ನಾಚಿಕೆಯಾಯಿತು. ಇಪ್ಪತ್ಮೂರು ವರ್ಷ ದಿನಾ ಸಂಜೆ ನನ್ನ ತಲೆಯ ಕಸವನ್ನೆಲ್ಲ ಆಕೆಯ ತಲೆಗೆ ಸುರಿದು, ಹಗುರಾಗಿ ಊಟಕ್ಕೆ ಕೂತವನು ನಾನು. ಆಕೆ ಅದನ್ನು ಎಲ್ಲಿ ಸುರಿಯುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಮಾತ್ರೆಯ ಚೀಟಿ ಜೇಬಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ. ರಸ್ತೆ ದಾಟುವಾಗ ದಾನವ್ವ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

"ಯಾಕ್ರೀ ಸುಮ್ಮನಾದ್ರಿ? ಈಗಿನ್ನೂ ಆರೂವರಿ, ಅರ್ಧ ತಾಸೈತಿ. ಮಾತಾಡ್ರಿ. ಆ ಸುಪರ್ವೈಸರ್ ಏನಾದಾಂತ ನನಗೂ ಚಿಂತಿ ಹತ್ತೈತಿ."

"ಅವನ ಸುದ್ದಿ ಬಿಡು. ನಿನ್ನ ಸುದ್ದಿ ಹೇಳು."

"ನಂದಾ?" ಎಂದಳು, ಬೇರೆ ಯಾರನ್ನೋ ಕೇಳಿದೆನೇನೋ ಎಂಬಂತೆ. ಆಮೇಲೆ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಶುರು ಮಾಡಿದಳು. ಮೆಟ್ಟಿಲಿಳಿಯುವಾಗ ಮೊಣಕಾಲು ಹಿಡಿಯುವುದು, ಸ್ನೇಹಾ ಹಾಸ್ಟೆಲ್ಲಿನಿಂದ ಫೋನಿನಲ್ಲಿ ಅತ್ತದ್ದು, ಮಧ್ಯಾಹ್ನ ಒಬ್ಬಳೇ ಉಣ್ಣಲು ಬೇಸರವಾಗಿ ಎಷ್ಟೋ ದಿನ ಉಣ್ಣದೇ ಮಲಗಿದ್ದು. ಒಂದೂ ನನಗೆ ಗೊತ್ತಿರಲಿಲ್ಲ. ನಮ್ಮ ಬಸ್ಸು ಎರಡು ಸಲ ಬಂದು ಹೋಯಿತು.

ಆಕೆ ಮಾತು ನಿಲ್ಲಿಸಿದಾಗ ನಾನು ಆಕೆಯ ಕಡೆ ತಿರುಗಿ ಕೂತೆ. ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ಆಡದ ಮಾತೊಂದನ್ನು ಆಡಲೇಬೇಕೆಂದು ಧೈರ್ಯ ಮಾಡಿ ಬಾಯಿ ತೆರೆದೆ.

"ದಾನವ್ವಾ, ನಂದು ತಪ್..."

ಆಕೆ ಫೋನಿನಲ್ಲಿ ಗಂಟೆ ನೋಡಿದಳು. ಸರಿಯಾಗಿ ಏಳು. ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ನನ್ನ ಕೈ ಹಿಡಿದೆಬ್ಬಿಸಿ, ಬಸ್ಸು ಬಂತೆಂದು ಕಣ್ಣಲ್ಲೇ ತೋರಿಸಿದಳು.