ಹಳದಿ ಬೋರ್ಡಿನ ಮಾವ

ನಮ್ಮ ಸೋದರಮಾವನಿಗೆ ಪಾಸಾದವರನ್ನು ಕಂಡರೆ ಅಷ್ಟಕ್ಕಷ್ಟೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೀದಿಯವರೆಲ್ಲ ಒಳ್ಳೆಯ ಅಂಕ ಬಂದ ಮಕ್ಕಳ ಮನೆಗೆ ಹೋದರೆ, ಇವರು ಹುಡುಕಿಕೊಂಡು ಹೋಗುವುದು ಗಣಿತದಲ್ಲಿ ಡುಮ್ಕಿ ಹೊಡೆದವರ ಮನೆಗೆ. ಸಮಾಧಾನ ಹೇಳುವುದಕ್ಕಲ್ಲ, ಅಭಿನಂದಿಸುವುದಕ್ಕೆ! "ಎಲ್ಲಿ ಸೋರ್ತಿದೆ ಅಂತ ಗೊತ್ತಾಯ್ತಲ್ಲಮ್ಮ, ಇನ್ನೇನು ಬೇಕು" ಎಂದು ಅಳುತ್ತಿರುವ ಹುಡುಗಿಗೆ ಹೇಳಿ, ಅವಳಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರೂ ಲೆಕ್ಕಿಸದೆ ಕಾಫಿ ಕುಡಿದೇ ಬರುತ್ತಾರೆ. ಇಂಥವರನ್ನು ನೀವು ಕಂಡಿದ್ದೀರಾ? ನಾನು ಕಂಡಿರುವುದು ಒಬ್ಬರನ್ನು. ಒಂದು ಮನೆತನಕ್ಕೆ ಒಬ್ಬರೇ ಸಾಕು.

ಈ ತತ್ವ ಹುಟ್ಟಿದ್ದು ಜಯನಗರದಲ್ಲಿದ್ದ ಅವರ ಪಾತ್ರೆ ಅಂಗಡಿಯಲ್ಲಿ. ಕೊಡ ಕೊಳ್ಳಲು ಯಾರಾದರೂ ಬಂದರೆ ಅವರ ಎದುರಿಗೇ ಅದಕ್ಕೆ ಕಂಠಮಟ್ಟ ನೀರು ತುಂಬಿ, ಹಳೇ ಪೇಪರಿನ ಮೇಲೆ ಇಟ್ಟು, "ಸ್ವಲ್ಪ ಹೊತ್ತು ಕೂತ್ಕೊಳಿ" ಎನ್ನುತ್ತಿದ್ದರು. ಪೇಪರು ಒದ್ದೆಯಾದರೆ ಮಾವನ ಮುಖ ಅರಳುತ್ತಿತ್ತು. ಗಿರಾಕಿ ಅಷ್ಟು ಹೊತ್ತಿಗೆ ಪಕ್ಕದ ಅಂಗಡಿಯಲ್ಲಿ ಒಂದು ಕೊಡ ಕೊಂಡು ಆಟೋ ಹತ್ತಿರುತ್ತಿದ್ದರು. ಹೀಗೇಕೆ ಮಾಡುತ್ತೀರಿ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಸೋರೋ ಕೊಡ ಯಾರಿಗೂ ಮೋಸ ಮಾಡಲ್ಲ ಕಣೇ. ನೀರು ಹಾಕಿ ನೋಡದೆ ಇರೋ ಕೊಡ ಮಾಡುತ್ತೆ" ಎಂದಿದ್ದರು. ಈ ತತ್ವದಿಂದಲೇ ಅಂಗಡಿ ಉದ್ಧಾರವಾಗಲಿಲ್ಲ ಎಂದು ಅತ್ತೆಯ ಅಭಿಪ್ರಾಯ. ಆದರೂ ಚಿಕ್ಕಲಸಂದ್ರದ ಮನೆಯಲ್ಲಿ ಅವರು ಕುಡಿಯುವ ನೀರು ತುಂಬಿಡುವುದು ಆ ಅಂಗಡಿಯ ಕೊಡದಲ್ಲೇ.

ನನ್ನ ಮದುವೆಯಲ್ಲೂ ಇದೇ ನಡೆಯಿತು. ನನಗೆ ಎರಡು ಸಂಬಂಧ ಬಂದಿದ್ದವು. ಒಬ್ಬ ಹುಡುಗ ಒಂದನೇ ಕ್ಲಾಸಿನಿಂದಲೂ ಮೊದಲನೆಯವನು. ಇನ್ನೊಬ್ಬ ಪಿಯುಸಿಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ, ಬ್ಯಾಂಕು ಸೇರಿದವನು. ಮನೆಯವರೆಲ್ಲ ಮೊದಲನೆಯವನ ಕಡೆ. ಮಾವ ಮಾತ್ರ ವಿಭೂತಿ ಹಚ್ಚಿಕೊಂಡು ಬಂದು ನಡುಮನೆಯಲ್ಲಿ ಕೂತು, "ಎರಡನೇ ಹುಡುಗ ಕೆಟ್ಟು, ರಿಪೇರಿಯಾಗಿ, ಓಡ್ತಿರೋನು. ಮೊದಲನೇದು ಎಲ್ಲಿ ಕೈ ಕೊಡುತ್ತೋ ಯಾರಿಗೆ ಗೊತ್ತು" ಎಂದು ತೀರ್ಪು ಕೊಟ್ಟರು. ನಾನು ಎರಡನೆಯವನನ್ನು ಮದುವೆಯಾದೆ. ತನ್ನನ್ನು ಯಾವ ಗುಣಕ್ಕಾಗಿ ಒಪ್ಪಿದರು ಎಂಬುದನ್ನು ನನ್ನ ಗಂಡನಿಗೆ ಆರತಕ್ಷತೆಯ ದಿನ ಯಾರೋ ಹೇಳಿಬಿಟ್ಟರು. ಅದನ್ನು ಅವನು ಇನ್ನೂ ಮರೆತಿಲ್ಲ.

ಮಾವನಿಗೆ ತತ್ವ ಎಷ್ಟು ಮುಖ್ಯವೋ ಸ್ಟೀರಿಂಗೂ ಅಷ್ಟೇ ಮುಖ್ಯ. ನಮ್ಮ ಬಳಗದಲ್ಲಿ ಬಾಣಂತಿಯರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದವರು ಅವರು, ಮದುಮಕ್ಕಳನ್ನು ಛತ್ರಕ್ಕೆ ಕೊಂಡೊಯ್ದವರು ಅವರು, ತೀರಿಕೊಂಡವರ ಮನೆಗೆ ಎಲ್ಲರಿಗಿಂತ ಮೊದಲು ಅಕ್ಕತಂಗಿಯರನ್ನು ಮುಟ್ಟಿಸಿದವರೂ ಅವರೇ. ಅಂಗಡಿ ಮುಚ್ಚಿದ ಮೇಲಂತೂ ಬೆಳಿಗ್ಗೆ ಎದ್ದರೆ, "ಯಾರಿಗಾದ್ರೂ ಎಲ್ಲಾದ್ರೂ ಹೋಗೋದಿದ್ಯಾ" ಎಂದು ಫೋನು. ಎಷ್ಟೋ ಸಲ ಅವರಿಗೆ ಬೇಸರವಾಗಬಾರದೆಂದೇ ನಾವು ಎಲ್ಲಿಗಾದರೂ ಹೋಗಿದ್ದೇವೆ. ಅವರು ಕಾರಿನ ಎಡಗಡೆ ಸೀಟಿನಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

ನನಗೆ ಗಾಡಿ ಓಡಿಸಲು ಕಲಿಸಿದ್ದೂ ಅವರೇ, ಅದೂ ಹಿಂದಿನ ಸೀಟಿನಲ್ಲಿ ಕೂತು. "ಮುಂದಿನ ಗಾಡಿ ನಂಬರ್ ಓದು. ಓದಕ್ಕಾದ್ರೆ ಸರಿಯಾದ ದೂರದಲ್ಲಿದೀಯ" ಎನ್ನುತ್ತಿದ್ದರು. ಇದರ ಜೊತೆಗೆ ಇನ್ನೊಂದು ಪಾಠ. ರಸ್ತೆಯಲ್ಲಿ ಹೋಗುವುದಾದರೆ ಟ್ಯಾಕ್ಸಿಯ ಹಿಂದೆ ಹೋಗಬೇಕು, ಸ್ವಂತ ಕಾರಿನ ಹಿಂದೆ ಹೋಗಬಾರದು! ಕಾರಣವನ್ನೂ ಹೇಳುತ್ತಿದ್ದರು. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಗಾಡಿಯನ್ನು ಆಗಾಗ ಎಫ್‌ಸಿಗೆ, ಅಂದರೆ ರಸ್ತೆಗಿಳಿಯಲು ಲಾಯಕ್ಕೇ ಎಂದು ನೋಡುವ ತಪಾಸಣೆಗೆ ಒಯ್ಯಲೇಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಹದಿನೈದು ವರ್ಷ ತುಂಬುವ ತನಕ ಆ ತಪಾಸಣೆಯೇ ಇಲ್ಲ. "ಬಿಳಿ ಬೋರ್ಡಿನ ಬ್ರೇಕ್ ಲೈಟು ಹತ್ತುತ್ತೋ ಇಲ್ವೋ ದೇವರಿಗೇ ಗೊತ್ತು. ಹಳದೀದು ಯಾರೋ ಒಬ್ರು ನೋಡಿರ್ತಾರೆ." ಗಾಡಿಯನ್ನೇನೋ ನೋಡಿರುತ್ತಾರೆ, ಓಡಿಸುವವನನ್ನು ಯಾರು ನೋಡಿದ್ದಾರೆ? ಈ ಪ್ರಶ್ನೆ ಕೇಳಿದರೆ ಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಮ್ಮೆ ಬನಶಂಕರಿಗೆ ಹೊರಟವರು ಹೀಗೆ ಒಂದು ಹಳದಿ ಬೋರ್ಡಿನ ಬೆನ್ನು ಹಿಡಿದು ಬಿಟಿಎಂ ಲೇಔಟಿನ ಮದುವೆ ಛತ್ರವೊಂದರ ಅಂಗಳದಲ್ಲಿ ಹೋಗಿ ನಿಂತೆವು. ಊಟ ಚೆನ್ನಾಗಿತ್ತು.

ಮಾವನ ಸ್ವಂತ ಕಾರಿಗೆ ಹದಿನೈದು ತುಂಬಿದಾಗ ಅವರ ಸಂಭ್ರಮ ನೋಡಬೇಕಿತ್ತು. ಕಡೆಗೂ ಎಫ್‌ಸಿ! ಕಾರಿಗೆ ಸ್ನಾನ ಮಾಡಿಸಿ, ನನ್ನನ್ನೂ ಕೂರಿಸಿಕೊಂಡು ಆರ್‌ಟಿಓ ಆಫೀಸಿಗೆ ಹೋದರು. ಇನ್‌ಸ್ಪೆಕ್ಟರು ದೀಪ ಹಾಕಿಸಿದರು, ಹಾರನ್ ಹೊಡೆಸಿದರು, ಬ್ರೇಕ್ ನೋಡಿದರು, ಸರಿಯಿದೆ ಎಂದು ಪೆನ್ನು ತೆಗೆದರು. ಆಗ ಮಾವ ಮುಂದೆ ಬಂದು, "ಸಾರ್, ಎಡಗಡೆ ಹಿಂದಿನ ಇಂಡಿಕೇಟರ್ ಒಂದೊಂದ್ಸಲ ಹತ್ತಲ್ಲ. ಈಗ ಹತ್ತಿದೆ, ಅದನ್ನ ನಂಬ್ಬೇಡಿ" ಎಂದರು.

ಇನ್‌ಸ್ಪೆಕ್ಟರು ಪೆನ್ನು ಹಿಡಿದೇ ನನ್ನ ಕಡೆ ನೋಡಿದರು. "ಮೇಡಂ, ಇವರು ನಿಮಗೇನಾಗ್ಬೇಕು?"

"ಸೋದರಮಾವ ಸಾರ್."

"ಹುಷಾರಾಗಿದ್ದಾರಾ?"

ಮಾವ ಬಿಡಲಿಲ್ಲ. ಇಂಡಿಕೇಟರನ್ನು ಮತ್ತೆ ಮತ್ತೆ ಹಾಕಿಸಿ, ಅದು ಕೈ ಕೊಡುವ ತನಕ ಆ ಪುಣ್ಯಾತ್ಮರನ್ನು ನಿಲ್ಲಿಸಿಕೊಂಡು, ಫೇಲು ಮಾಡಿಸಿಕೊಂಡೇ ಹೊರಟರು. ಬರುವಾಗ ದಾರಿಯಲ್ಲಿ ಮೈಸೂರ್ ಪಾಕ್ ಕೊಂಡು ಬೀದಿಗೆಲ್ಲ ಹಂಚಿದರು. ಪಾಸಾಯಿತೇ ಎಂದು ಕೇಳಿದವರಿಗೆಲ್ಲ "ಇಲ್ಲ, ಫೇಲು" ಎಂದು ನಗುತ್ತಾ ಇನ್ನೊಂದು ತುಂಡು ಕೊಟ್ಟರು. ವಾರದೊಳಗೆ ವೈರು ಬದಲಾಯಿಸಿ ಮತ್ತೆ ಒಯ್ದು ಪಾಸು ಮಾಡಿಸಿದಾಗ ಮಾತ್ರ ಒಂದು ಬಾಳೆಹಣ್ಣೂ ಇಲ್ಲ.

ಇಂಥವರನ್ನು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಎರಡು ವರ್ಷದ ಹಿಂದೆ ನನಗೊಂದು ಕಾರು ಬೇಕಾಯಿತು. ನನ್ನ ಗಂಡ ಆನ್‌ಲೈನಿನಲ್ಲಿ ಹುಡುಕಿ, ಜೆ.ಪಿ. ನಗರದಲ್ಲಿ ಒಬ್ಬ ಬ್ರೋಕರ್ ಹತ್ತಿರ ಬಿಳಿ ಮುತ್ತಿನಂಥ ಗಾಡಿ ಗೊತ್ತುಮಾಡಿದ.

"ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ" ಎಂದ ಬ್ರೋಕರ್.

"ಡಾಕ್ಟ್ರಿಗೆ ಪೇಷಂಟ್ ನೋಡಕ್ಕೇ ಪುರುಸೊತ್ತಿರಲ್ಲ, ಗಾಡಿ ಯಾವಾಗ ನೋಡ್ತಾರಪ್ಪ?"

"ಬರೀ ಭಾನುವಾರ ದೇವಸ್ಥಾನಕ್ಕೆ ತೆಗೀತಿದ್ರು ಸಾರ್."

"ಮಿಕ್ಕಿದ ದಿನ ಸುಮ್ನೆ ನಿಂತಿತ್ತು ಅನ್ನು. ಇದುವರೆಗೂ ಯಾವುದರಲ್ಲಾದ್ರೂ ಫೇಲ್ ಆಗಿದ್ಯಾ?"

ಬ್ರೋಕರ್ ಕಿವಿ ಮುಟ್ಟಿಕೊಂಡು, "ಬಿಡ್ತು ಅನ್ನಿ ಸಾರ್" ಎಂದ. ಮಾವ ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು.

ಕಡೆಗೆ ಅವರು ಒಪ್ಪಿದ್ದು ಪುಟ್ಟೇನಹಳ್ಳಿಯಲ್ಲಿ, ಒಂದು ಟ್ಯಾಕ್ಸಿಯನ್ನು! ಅದರ ಡ್ರೈವರ್ ಕಮ್ ಓನರ್ ದೊಡ್ಡ ಗಾಡಿ ಕೊಳ್ಳುವುದಕ್ಕಾಗಿ ಇದನ್ನು ಮಾರುತ್ತಿದ್ದ. ಅವನು ಎಫ್‌ಸಿ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದುಕೊಟ್ಟಾಗ ಮಾವ ಅವನ್ನು ನನ್ನ ಕೈಗೆ ದಾಟಿಸಿ, "ಓದೇ, ಕನ್ನಡಕ ಮರೆತು ಬಂದೆ" ಎಂದರು. ನಾನು ಓದಿದೆ. ಒಂದು ಸಲ ಬ್ರೇಕಿಗೆ ಫೇಲು, ಇನ್ನೊಂದು ಸಲ ಹೆಡ್‌ಲೈಟಿಗೆ ಫೇಲು, ಎರಡೂ ರಿಪೇರಿಯಾಗಿ ಪಾಸು. ನಾನು ಓದುತ್ತಿದ್ದಂತೆ ಮಾವನ ಮುಖದಲ್ಲಿ ಪೇಪರು ಒದ್ದೆಯಾದಾಗಿನ ಅದೇ ಕಳೆ. "ಇದೇ ನಿನ್ನ ಗಾಡಿ" ಎಂದರು. ನನ್ನ ಗಂಡ, "ನಿಮ್ಮ ಮನೆಯವರು ನನ್ನನ್ನೂ ಹೀಗೇ ತಗೊಂಡಿದ್ದು" ಎಂದು ಗೊಣಗಿದ.

ಹಳದಿ ಬೋರ್ಡನ್ನು ಬಿಳಿ ಬೋರ್ಡು ಮಾಡಿಸುವುದಕ್ಕೆ ಕಾಲ ಹಿಡಿಯಿತು. ಅಷ್ಟರಲ್ಲಿ ನನ್ನ ಮಾನ ಪೂರ್ತಿ ಹೋಗಿತ್ತು. ನಮ್ಮದೇ ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಲ್ಲಿ ತಡೆದು, "ಯಾವ ಫ್ಲ್ಯಾಟಿಗೆ ಪಿಕಪ್ ಮೇಡಂ?" ಎಂದ. ಜಯನಗರದಲ್ಲಿ ಒಬ್ಬರು ಆಂಟಿ ಹಿಂದಿನ ಬಾಗಿಲು ತೆಗೆದು, ತರಕಾರಿ ಚೀಲದ ಸಮೇತ ಕೂತು, "ಬನಶಂಕರಿ ದೇವಸ್ಥಾನ" ಎಂದರು. ಇದು ಟ್ಯಾಕ್ಸಿಯಲ್ಲ ಎಂದು ನಾನು ಹೇಳುವಷ್ಟರಲ್ಲಿ ಮಾವ, "ಆಯ್ತು, ಕೂತ್ಕೊಳಿ" ಎಂದರು. ಆ ದಿನ ಸ್ಟೀರಿಂಗ್ ಹಿಡಿದವರು ಅವರೇ. ದಾರಿಯುದ್ದಕ್ಕೂ ಆ ಆಂಟಿಗೆ ಹಳದಿ ಬೋರ್ಡಿನ ಮಹಿಮೆ ಹೇಳಿದರು. ನನ್ನನ್ನು ಮಾತ್ರ ನಡುನಡುವೆ, "ಮುಂದಿನದು ಹಳದೀನಾ ಬಿಳೀನಾ, ಹೇಳು" ಎಂದು ಕೇಳುತ್ತಿದ್ದರು. ಇಷ್ಟು ವರ್ಷವಾದರೂ ಪಾಠ ಬಿಡಲಿಲ್ಲವಲ್ಲ ಎಂದು ನಾನು ಬೇಸರದಲ್ಲೇ ಉತ್ತರ ಕೊಟ್ಟೆ.

ಕಳೆದ ವರ್ಷ ಮಾವನ ಲೈಸೆನ್ಸ್ ನವೀಕರಿಸುವ ಸಮಯ ಬಂತು. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಅವರ ಬಡಾವಣೆಯಲ್ಲೇ ಇರುವ ಡಾಕ್ಟರು ಬಹಳ ಹಳೆಯ ಪರಿಚಯ. ನಾವು ಹೋಗಿ ಕೂರುವಷ್ಟರಲ್ಲೇ ಸಹಿ ಹಾಕಿ, ಸೀಲು ಹೊಡೆದು, "ತಗೊಳ್ಳಿ ಸಾರ್. ನಿಮ್ಮನ್ನ ನೋಡೋದೇನಿದೆ" ಎಂದು ಕಾಗದವನ್ನು ಮುಂದೆ ಚಾಚಿದರು.

ಮಾವ ಕೈ ಚಾಚಲಿಲ್ಲ. "ನೋಡದೆ ಹಾಕಿದ್ರಾ?"

"ನಿಮಗೇನಾಗಿದೆ ಸಾರ್, ಕಲ್ಲುಗುಂಡಿನ ಹಾಗಿದ್ದೀರ."

"ನೋಡಿ ಡಾಕ್ಟ್ರೇ. ನೋಡಿ ಹಾಕಿ."

ಡಾಕ್ಟರು ನಗುತ್ತಾ ಎದ್ದು ಗೋಡೆಯ ಮೇಲಿನ ಅಕ್ಷರಗಳ ಪಟದ ದೀಪ ಹಾಕಿದರು. ಮಾವ ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲನೇ ಸಾಲು ಓದಿದರು. ಎರಡನೆಯದನ್ನು ನಿಧಾನವಾಗಿ ಓದಿದರು. ಮೂರನೆಯದಕ್ಕೆ ಬಂದು ನಿಂತರು. ಅವರ ಪಕ್ಕದಲ್ಲೇ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಒಂದು ಅಕ್ಷರ ಉಸುರಿದೆ.

"ಸುಮ್ನಿರು ಪುಟ್ಟಿ" ಎಂದರು ಮಾವ, ನನ್ನ ಕಡೆ ತಿರುಗದೆ.

ಡಾಕ್ಟರೇ ಮಧ್ಯೆ ಬಂದು, "ಪರವಾಗಿಲ್ಲ ಸಾರ್, ಊರೊಳಗೆ ತಾನೇ ಓಡಿಸೋದು" ಎಂದರು. ಮಾವ ಆ ಸಹಿ ಹಾಕಿದ ಕಾಗದವನ್ನು ಮೇಜಿನ ಮೇಲೆ ಅವರ ಕಡೆಗೇ ಸರಿಸಿ, "ಫೇಲ್ ಅಂತ ಬರೀರಿ" ಎಂದರು. ಅವರ ಧ್ವನಿ ಆರ್‌ಟಿಓ ಆಫೀಸಿನಲ್ಲಿದ್ದಂತೆಯೇ ಇತ್ತು. ಬೆರಳು ಮಾತ್ರ ಮೇಜಿನ ಅಂಚನ್ನು ಹಿಡಿದಿತ್ತು.

ಹೊರಗೆ ಬಂದು ಕೇಳಿದೆ. "ನಿಮಗೆ ಮೊದಲೇ ಗೊತ್ತಿತ್ತಾ ಮಾವ? ಹಳದೀನಾ ಬಿಳೀನಾ ಅಂತ ಕೇಳ್ತಿದ್ದಿದ್ದು ಅದಕ್ಕೇನಾ?"

"ಗೊತ್ತಿರ್ಲಿಲ್ಲ. ಅನುಮಾನ ಇತ್ತು. ಅನುಮಾನ ಬಂದ ದಿನಾನೇ ತೋರಿಸ್ಬೇಕಿತ್ತು. ನಾನೂ ಬಿಳಿ ಬೋರ್ಡೇ ಕಣೇ, ಇಷ್ಟು ದಿನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದರು. ಆಮೇಲೆ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟು, ಎಡಗಡೆಯ ಬಾಗಿಲು ತೆಗೆದುಕೊಂಡು ಕೂತರು. ಬೆಲ್ಟು ಯಾವ ಕಡೆಯಿಂದ ಎಳೆಯಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ನಾನೇ ಬಗ್ಗಿ ಹಾಕಿದೆ.

ಬೀದಿಯ ತಿರುವಿನಲ್ಲಿ ಸ್ವೀಟ್ ಅಂಗಡಿಯ ಮುಂದೆ ನಿಲ್ಲಿಸು ಎಂದರು. ಬೇಡ ಮಾವ ಎಂದೆ. "ಫೇಲಾದಾಗ ತಾನೇ ತಗೋಬೇಕು" ಎಂದು ಇಳಿದುಹೋಗಿ ಮೈಸೂರ್ ಪಾಕ್ ತಂದರು. ಮನೆಯಲ್ಲಿ ಅತ್ತೆಗೆ ಡಬ್ಬಿ ಕೊಟ್ಟು ವಿಷಯ ಹೇಳಿದರು. ಅತ್ತೆ ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಲಾರದೆ ಕೈಯಲ್ಲೇ ಇಟ್ಟುಕೊಂಡು ಕೂತರು. ನಾನು ಒಂದು ತುಂಡು ತಿಂದೆ. ಅಷ್ಟು ಕಷ್ಟಪಟ್ಟು ನಾನು ಸಿಹಿ ತಿಂದದ್ದು ಅದೇ ಮೊದಲು.

ಕಣ್ಣಾಸ್ಪತ್ರೆಯವರು ನರಕ್ಕೆ ಪೆಟ್ಟಾಗಿದೆ ಎಂದರು. ಇರುವುದನ್ನು ಹನಿ ಮದ್ದಿನಿಂದ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಫೇಲಾದ ಮೇಲೆ ರಿಪೇರಿ ಎಂಬ ಮಾವನ ತತ್ವಕ್ಕೆ ಈ ಒಂದು ಕಡೆ ದಾರಿಯಿರಲಿಲ್ಲ. ಅದನ್ನು ಕೇಳಿ ನನಗೆ ಅಳು ಬಂತು, ಮಾವ ಅಳಲಿಲ್ಲ. ತಮ್ಮ ಕಾರನ್ನು ಮಾರಲು ಕೂತರು. ಬಂದವರಿಗೆಲ್ಲ ಅದರ ದೋಷಗಳನ್ನು ಒಂದೂ ಬಿಡದೆ ಒಪ್ಪಿಸಿ, ಹೆದರಿಸಿ ಓಡಿಸಿ, ಕಡೆಗೆ ಅಷ್ಟನ್ನೂ ಕೂತು ಕೇಳಿಸಿಕೊಂಡ ಮೇಷ್ಟ್ರೊಬ್ಬರಿಗೆ ಕೊಟ್ಟರು.

ಈಗ ಬೆಳಿಗ್ಗೆ ಫೋನು ಮಾಡುವವಳು ನಾನು. "ಎಲ್ಲಾದ್ರೂ ಹೋಗೋದಿದ್ಯಾ ಮಾವ?" ಅವರಿಗೆ ಹೋಗುವುದೇನೂ ಇರುವುದಿಲ್ಲ, ಆದರೂ ಇದೆ ಎನ್ನುತ್ತಾರೆ. ನನಗೆ ಬೇಸರವಾಗಬಾರದೆಂದು ಇರಬೇಕು. ಪುಟ್ಟೇನಹಳ್ಳಿ ಕೆರೆಯವರೆಗೆ ಹೋಗಿ ಒಂದು ಸುತ್ತು ನಡೆದು ಬರುತ್ತೇವೆ. ಈಗ ಬಿಳಿ ಬೋರ್ಡಾಗಿರುವ ನನ್ನ ಗಾಡಿಯನ್ನು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿಗೆ ತೋರಿಸುತ್ತೇನೆ. ಅವನು ಎಲ್ಲ ಸರಿಯಿದೆ ಎಂದರೆ ಮಾವ ಇನ್ನೊಮ್ಮೆ ನೋಡು ಎನ್ನುತ್ತಾರೆ.

ಮೊನ್ನೆ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಮುಂದೆ ಯಾವುದೋ ಗಾಡಿ ಇತ್ತು. ಮಾವ ಏನೂ ಕೇಳಲಿಲ್ಲ. ಈಚೆಗೆ ಅವರು ಕೇಳುವುದನ್ನು ಬಿಟ್ಟಿದ್ದಾರೆ, ಅದು ನನಗೆ ಸಂಕಟ. ನಾನೇ ಅದರ ನಂಬರನ್ನು ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ, ಅವರು ಕಲಿಸಿದಂತೆ ಓದಿದೆ. ಮಾವ ಸೀಟಿನಿಂದ ಮುಂದಕ್ಕೆ ಬಗ್ಗಿದರು.

"ಹಳದೀನಾ, ಬಿಳೀನಾ?"

"ಹಳದಿ ಮಾವ."

"ಹಾಗಾದ್ರೆ ಯೋಚನೆಯಿಲ್ಲ" ಎಂದು ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡರು. "ಅದರ ಹಿಂದೇನೇ ಹೋಗು."